ವಿಜ್ಞಾನದ ವಿದ್ಯಾರ್ಥಿಯೂ ಕನ್ನಡದ ಬರವಣಿಗೆಯೂ

ವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾವಂತರ ಬಳಿ ಒಂದು ಉತ್ತರ ಸಿದ್ಧವಾಗಿರುತ್ತದೆ: "ಏನು ಮಾಡುವುದು, ಕನ್ನಡದಲ್ಲಿ ಪದಗಳಿಲ್ಲ." ಹೇಳುವವರು ಒಂದು ನಿಟ್ಟುಸಿರನ್ನೂ ಸೇರಿಸುತ್ತಾರೆ. ಈ ಉತ್ತರ ಹಳೆಯದು. ಇದನ್ನು ಸುಳ್ಳುಮಾಡಿದ ಕೆಲಸ ಇನ್ನೂ ಹಳೆಯದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದು 1918ರಲ್ಲಿ. ಪತ್ರಿಕೆ ಬದುಕಿದ್ದು ಎರಡು ವರ್ಷದಷ್ಟು ಕಾಲ ಮಾತ್ರ. ಆದರೆ ಅದು ನಿಂತದ್ದು ಪದಗಳ ಬರದಿಂದಲ್ಲವೆಂದು ಅದರ ಹಳೆಯ ಸಂಚಿಕೆಗಳನ್ನು ಕೈಯಲ್ಲಿ ಹಿಡಿದವರಿಗೆ ತಿಳಿಯುತ್ತದೆ. ಅಂದಿನಿಂದ ಇಂದಿನವರೆಗೆ ನಿಘಂಟುಗಳು, ಪರಿಭಾಷಾಕೋಶಗಳು, ವಿಶ್ವಕೋಶದ ಸಂಪುಟಗಳು ಎಷ್ಟೋ ಬಂದಿವೆ. ಪದಗಳು ಕಪಾಟಿನಲ್ಲಿ ತುಂಬಿವೆ. ಅವನ್ನು ಕೆಳಗಿಳಿಸಿ ನಾಲ್ಕು ಜನರ ಮುಂದೆ ಇಡಬಲ್ಲ ಕೈಗಳು ಕಡಮೆ. ನಾನು ಇಲ್ಲಿ ಎತ್ತಬೇಕೆಂದಿರುವ ಪ್ರಶ್ನೆ ಆ ಕೈಗಳದ್ದು. ಅವು ಎಲ್ಲಿ ತಯಾರಾಗಬೇಕು, ಯಾರು ತಯಾರುಮಾಡಬೇಕು?

ಕನ್ನಡದಲ್ಲಿ ವಿಜ್ಞಾನವನ್ನು ಚೆನ್ನಾಗಿ ಬರೆದವರ ಪಟ್ಟಿಯನ್ನು ಒಮ್ಮೆ ನೆನೆಯಿರಿ. ವೆಂಕಟನಾರಣಪ್ಪನವರು ಭೌತವಿಜ್ಞಾನದ ಮೇಷ್ಟರಾಗಿದ್ದೂ ಪಂಪಭಾರತದ ಪರಿಷ್ಕರಣದಲ್ಲಿ ದುಡಿದವರು. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. 1936ರಲ್ಲಿ 'ಬಾಲ ಪ್ರಪಂಚ'ವನ್ನೂ, ಮುಂದೆ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನೂ ಒಬ್ಬರೇ ಹೊತ್ತು ತಂದ ಶಿವರಾಮ ಕಾರಂತರು ಕಾಲೇಜನ್ನು ಅರ್ಧಕ್ಕೇ ಬಿಟ್ಟವರು. ಜೆ. ಆರ್. ಲಕ್ಷ್ಮಣರಾಯರು ಮೈಸೂರಿನಲ್ಲಿ ರಸಾಯನವಿಜ್ಞಾನ ಪಾಠ ಹೇಳಿದವರು. ಜಿ. ಟಿ. ನಾರಾಯಣರಾಯರು ಗಣಿತದ ಮೇಷ್ಟರು. ಬಿ. ಜಿ. ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರು. ಇವರಲ್ಲಿ ಒಬ್ಬರಿಗಾದರೂ ಇದನ್ನು ಬರೆಯುವ ಬಗೆಯನ್ನು ಯಾವ ವಿಶ್ವವಿದ್ಯಾನಿಲಯವೂ ಕಲಿಸಲಿಲ್ಲ. ಕಾಡಿನಲ್ಲಿ ತಾವಾಗಿ ಎದ್ದ ಮರಗಳಂತೆ ಇವರು ಬೆಳೆದರು. ನಮ್ಮ ವಿಶ್ವವಿದ್ಯಾನಿಲಯಗಳು ಸುಮ್ಮನೆ ಕುಳಿತಿದ್ದವೆಂದು ನಾನು ಹೇಳುತ್ತಿಲ್ಲ. ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ ಅವನ್ನು ಕಿರುಹೊತ್ತಗೆಗಳಾಗಿ ಅಚ್ಚುಹಾಕಿಸಿದ್ದು ಸಣ್ಣ ಸೇವೆಯಲ್ಲ. ಆದರೆ ಆ ಕೆಲಸವೆಲ್ಲ ಪುಸ್ತಕವನ್ನು ಗುರಿಯಾಗಿಟ್ಟುಕೊಂಡಿತು. ಪುಸ್ತಕ ಬರೆಯಬಲ್ಲ ಇಪ್ಪತ್ತು ವರ್ಷದ ಹುಡುಗನನ್ನು, ಹುಡುಗಿಯನ್ನು ಗುರಿಯಾಗಿಟ್ಟುಕೊಳ್ಳಲಿಲ್ಲ.

ಇದನ್ನು ಹೇಳಲು ನನಗೆ ಒಂದು ಅಧಿಕಾರವಿದೆ, ಅದು ದೊಡ್ಡದೇನಲ್ಲ. ಬಿ.ಎಸ್‌ಸಿ. ತರಗತಿಗಳಿಗೆ ಕನ್ನಡ ಪಾಠ ಹೇಳುವವನು ನಾನು. ವಿಜ್ಞಾನದ ವಿದ್ಯಾರ್ಥಿಗಳ ದೃಷ್ಟಿಯಲ್ಲಿ ಕನ್ನಡದ ಗಂಟೆಯೆಂದರೆ ಪ್ರಯೋಗಶಾಲೆಗೂ ಊಟಕ್ಕೂ ನಡುವಿನ ವಿಶ್ರಾಂತಿ. ನಮ್ಮ ದೃಷ್ಟಿಯಲ್ಲಿ ಅವರು, ಹೇಳಿದ ಪದ್ಯಕ್ಕೆ ಭಾವಾರ್ಥ ಬರೆದು ತೇರ್ಗಡೆಯಾಗಿ ಹೋಗತಕ್ಕವರು. ಎರಡು ಕಡೆಯೂ ಹೀಗೆ ಒಪ್ಪಂದವಾಗಿಬಿಟ್ಟಿದೆ. ಆದರೆ ಯೋಚಿಸಿ ನೋಡಿದರೆ, ಇಡೀ ವಿಶ್ವವಿದ್ಯಾನಿಲಯದ ವ್ಯವಸ್ಥೆಯಲ್ಲಿ ವಿಜ್ಞಾನವನ್ನು ಓದುವ ತಲೆಯೂ ಕನ್ನಡವೂ ಒಂದೇ ಕೋಣೆಯಲ್ಲಿ ಕೂಡುವ ಜಾಗ ಇದೊಂದೇ. ಈ ಗಂಟೆಯಲ್ಲಿ ಆಗದ ಕೆಲಸ ಬೇರೆಲ್ಲಿ ಆದೀತು?

ಕೆಲವು ವರ್ಷಗಳಿಂದ ನಾನು ಈ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತ ಬಂದಿದ್ದೇನೆ. ಆ ವಾರ ಪ್ರಯೋಗಶಾಲೆಯಲ್ಲಿ ಮಾಡಿದ್ದನ್ನು ಒಂದು ಪುಟದಲ್ಲಿ, ಮನೆಯಲ್ಲಿರುವ ಒಬ್ಬರಿಗೆ ತಿಳಿಯುವಂತೆ ಬರೆದು ತರಬೇಕು. ಮೊದಲ ಸಲ ಬರುವ ಪುಟಗಳೆಲ್ಲ ಒಂದೇ ಅಚ್ಚಿನವು: "ಆಮ್ಲವನ್ನು ಶಂಕುಪಾತ್ರೆಯಲ್ಲಿ ತೆಗೆದುಕೊಳ್ಳಲಾಯಿತು. ಸೂಚಕವನ್ನು ಸೇರಿಸಲಾಯಿತು. ಬಣ್ಣದ ಬದಲಾವಣೆಯನ್ನು ಗಮನಿಸಲಾಯಿತು." ತೆಗೆದುಕೊಂಡವರಾರು, ಗಮನಿಸಿದವರಾರು ಎಂದು ಕೇಳಿದರೆ ಹುಡುಗ ಬೆಚ್ಚಿ, "ನಾನೇ ಸಾರ್" ಎನ್ನುತ್ತಾನೆ. ಹಾಗಾದರೆ 'ನಾನು ನೋಡಿದೆ' ಎಂದು ಬರೆಯಲು ಏನು ಅಡ್ಡಿ? "ಹಾಗೆ ಬರೆದರೆ ಅದು ವಿಜ್ಞಾನ ಆಗುವುದಿಲ್ಲವಲ್ಲ ಸಾರ್."

ಈ 'ಲಾಯಿತು' ನಮ್ಮ ಭಾಷೆಯ ಸ್ವಭಾವದಿಂದ ಬಂದದ್ದಲ್ಲ. ಇಂಗ್ಲಿಷಿನ ಕರ್ಮಣಿಪ್ರಯೋಗವನ್ನು ಕಚೇರಿಯ ಕಾಗದಗಳು ಕನ್ನಡಕ್ಕೆ ಇಳಿಸಿದವು. ಪಠ್ಯಪುಸ್ತಕಗಳು ಅಲ್ಲಿಂದ ಎತ್ತಿಕೊಂಡವು. ಮನೆಯಲ್ಲಿ ಯಾವ ತಾಯಿಯೂ 'ಸಾರನ್ನು ಕುದಿಸಲಾಯಿತು' ಎನ್ನುವುದಿಲ್ಲ. ಇದು ಬರಿಯ ಸೊಗಸಿನ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬೆಳೆಸುತ್ತಿರಲಿಲ್ಲ. ಕರ್ತೃ ಕಳಚಿಹೋದ ವಾಕ್ಯದಲ್ಲಿ ನೋಡಿದ ಕಣ್ಣೂ ಕಳಚಿಹೋಗುತ್ತದೆ. ಆಗ ಓದುವವನಿಗೆ ವಿಜ್ಞಾನವೆಂದರೆ ಎಲ್ಲಿಯೋ ತಾನಾಗಿ ನಡೆದುಬಿಟ್ಟ ಸಂಗತಿಯೆಂದು ತೋರುತ್ತದೆ. ಯಾರೋ ಒಬ್ಬರು ನೋಡಿದರು, ತಪ್ಪಿದರು, ಮತ್ತೆ ನೋಡಿದರು ಎಂಬುದು ಮರೆಯಾಗುತ್ತದೆ. ಸಾಮಾನ್ಯ ಜನ ವಿಜ್ಞಾನವನ್ನು ಒಂದೋ ಪವಾಡವೆಂದು ನಂಬುತ್ತಾರೆ, ಇಲ್ಲವೇ ಮೋಸವೆಂದು ತಳ್ಳುತ್ತಾರೆ. ಅದಕ್ಕೆ ಈ ಬರವಣಿಗೆಯೂ ಒಂದು ಕಾರಣವೆಂದೇ ನನ್ನ ಅಭಿಪ್ರಾಯ.

ಪದಗಳ ವಿಷಯಕ್ಕೆ ಬರೋಣ. ನೀರು ಮಾಯವಾಗುವ ಬಗೆಗೆ ನಮ್ಮ ಹಳ್ಳಿಯ ಮಾತಿನಲ್ಲಿ ಎಷ್ಟು ಕ್ರಿಯಾಪದಗಳಿವೆ! ಬಟ್ಟೆ ಆರುತ್ತದೆ, ಕೆರೆ ಬತ್ತುತ್ತದೆ, ಮಳೆಯ ನೀರು ನೆಲದಲ್ಲಿ ಇಂಗುತ್ತದೆ. ಹೊರಗೆ ಬರುವ ಬಗೆಗೆ ಇನ್ನೂ ಹೆಚ್ಚು: ಮಾಡು ಸೋರುತ್ತದೆ, ಬಂಡೆಯ ಸಂದಿಯಲ್ಲಿ ನೀರು ಒಸರುತ್ತದೆ, ಮಡಕೆಯ ಮೈಯಲ್ಲಿ ಜಿನುಗುತ್ತದೆ, ನಲ್ಲಿ ತೊಟ್ಟಿಕ್ಕುತ್ತದೆ, ಅನ್ನದ ಗಂಜಿಯನ್ನು ಬಸಿಯುತ್ತೇವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿ ನೋಡಿ, ಹಾಕಲಾಗುವುದಿಲ್ಲ. ವೇಗ, ಪ್ರಮಾಣ, ಹಾದುಬರುವ ವಸ್ತುವಿನ ಗುಣ, ಇಷ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಜನ ಈ ಪದಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಿದ್ದಾರೆ. ಇದು ವಿಜ್ಞಾನಿಯ ವಿಂಗಡಣೆಗೆ ಎಷ್ಟು ಹತ್ತಿರದ ಕೆಲಸ! ನಮ್ಮ ವಿದ್ಯಾರ್ಥಿ ಈ ಪದಗಳನ್ನೆಲ್ಲ ಮನೆಯಿಂದಲೇ ತಂದಿರುತ್ತಾನೆ. ಆದರೆ ಪ್ರಯೋಗಶಾಲೆಯ ಬಾಗಿಲಲ್ಲಿ ಚಪ್ಪಲಿಯೊಡನೆ ಅವನ್ನೂ ಬಿಟ್ಟು ಒಳಗೆ ಹೋಗುತ್ತಾನೆ.

ಪಾರಿಭಾಷಿಕ ಪದಗಳು ಬೇಡವೆಂದು ಇದರ ಅರ್ಥವಲ್ಲ. 'ಅಭಿಸರಣೆ' ಎಂಬ ಪದವನ್ನೇ ನೋಡಿ. ಕೆಲವು ಪೊರೆಗಳು ನೀರನ್ನು ಬಿಡುತ್ತವೆ, ಅದರಲ್ಲಿ ಕರಗಿದ ಉಪ್ಪು ಸಕ್ಕರೆಗಳನ್ನು ಬಿಡುವುದಿಲ್ಲ. ಅಂಥ ಪೊರೆಯ ಒಂದು ಕಡೆ ತೆಳು ದ್ರಾವಣವೂ ಮತ್ತೊಂದು ಕಡೆ ಗಟ್ಟಿ ದ್ರಾವಣವೂ ಇದ್ದರೆ ನೀರು ತೆಳುವಿನಿಂದ ಗಟ್ಟಿಯ ಕಡೆಗೆ ಸರಿಯುತ್ತದೆ. ನನ್ನಂಥ ಕಾವ್ಯದ ಮೇಷ್ಟರಿಗೆ ಈ ಪದ ಕೇಳಿದೊಡನೆ ಕತ್ತಲಲ್ಲಿ ನಲ್ಲನ ಕಡೆ ಹೊರಟ ಅಭಿಸಾರಿಕೆಯ ನೆನಪಾಗುತ್ತದೆ. ಪದವನ್ನು ಟಂಕಿಸಿದ ಪುಣ್ಯಾತ್ಮರು ರಸಿಕರಾಗಿರಬೇಕು! ಪದ ಒಳ್ಳೆಯದೇ. ಅದನ್ನು ಲೇಖನದ ಮೊದಲ ಸಾಲಿನಲ್ಲಿ ತಂದು ನಿಲ್ಲಿಸುವುದು ಮಾತ್ರ ತಪ್ಪು. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರಸಿ ಭರಣಿಯಲ್ಲಿಟ್ಟರೆ ಮಾರನೆಯ ದಿನ ನೀರು ಬಿಟ್ಟುಕೊಂಡಿರುತ್ತದೆ. ಆ ನೀರು ಎಲ್ಲಿಂದ ಬಂತು? ನಾವು ಹಾಕಲಿಲ್ಲವಲ್ಲ! ಈ ಪ್ರಶ್ನೆ ಓದುಗನಲ್ಲಿ ಹುಟ್ಟಿದ ಮೇಲೆ ಉತ್ತರದೊಡನೆ ಪದವನ್ನು ಕೊಟ್ಟರೆ ಅವನು ಅದನ್ನು ಬಿಡುವುದೇ ಇಲ್ಲ. ಪ್ರಶ್ನೆಗೆ ಮೊದಲೇ ಕೊಟ್ಟ ಪದ, ಹಸಿವಿಲ್ಲದವನಿಗೆ ಬಡಿಸಿದ ಅನ್ನ.

ಈ ಕ್ರಮವನ್ನು ಚೆನ್ನಾಗಿ ತಿಳಿದಿದ್ದವರು ಸ್ವಾಮಿಯವರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರ 'ಹಸುರು ಹೊನ್ನು' ಪುಸ್ತಕವನ್ನು ನಾವು ಸಾಮಾನ್ಯವಾಗಿ ಪ್ರವಾಸಕಥನವೆಂದೋ ಹಾಸ್ಯವೆಂದೋ ಓದಿ ನಕ್ಕು ಮುಗಿಸುತ್ತೇವೆ. ಅದನ್ನು ಬೇರೆ ಒಂದು ಬಗೆಯಲ್ಲಿ ಓದಬೇಕೆಂದು ನಾನು ವಾದಿಸುತ್ತೇನೆ. ಅದು ಒಬ್ಬ ಪ್ರಾಧ್ಯಾಪಕ ತನ್ನ ವಿದ್ಯಾರ್ಥಿಗಳನ್ನು ಪಶ್ಚಿಮಘಟ್ಟಗಳ ಕಾಡಿಗೆ ಕರೆದುಕೊಂಡು ಹೋಗಿ ಗಿಡಗಳನ್ನು ನೋಡುವುದು ಹೇಗೆ, ನೋಡಿದ್ದನ್ನು ಹೇಳುವುದು ಹೇಗೆ ಎಂದು ಕಲಿಸಿದ ದಾಖಲೆ. ಅಲ್ಲಿ ಗಿಡ ಮೊದಲು ಬರುತ್ತದೆ, ಹೆಸರು ಆಮೇಲೆ. ಗಿಡದ ಜೊತೆಗೆ ಅದನ್ನು ಮುಟ್ಟಿದವನ, ಮೂಸಿದವನ, ತಪ್ಪು ಗುರುತಿಸಿದವನ ಪೇಚಾಟವೂ ಬರುತ್ತದೆ. ಲ್ಯಾಟಿನ್ ಹೆಸರನ್ನು ಸ್ವಾಮಿಯವರು ಬಚ್ಚಿಡುವುದಿಲ್ಲ. ಊರಿನ ಹೆಸರನ್ನು ಕೀಳೆಂದು ತಳ್ಳುವುದೂ ಇಲ್ಲ. ಚಿತ್ರಗಳನ್ನು ತಾವೇ ಬರೆದಿದ್ದಾರೆ. ಗಿಡವನ್ನು ಬರೆಯಬೇಕಾದರೆ ಎಲೆ ಕಾಂಡಕ್ಕೆ ಎಲ್ಲಿ ಅಂಟಿದೆಯೆಂದು ನೋಡಲೇಬೇಕು. ಹಾಗೆ ನೋಡಿದವನ ವಾಕ್ಯದಲ್ಲಿ ಸಡಿಲ ವಿಶೇಷಣಗಳು ಉಳಿಯುವುದಿಲ್ಲ. ಅವರ ಹಾಸ್ಯದ ಬೆನ್ನೆಲುಬು ಈ ನಿಖರತೆ. ಅದನ್ನು ಕಾಣದೆ ಹಾಸ್ಯವನ್ನು ಮಾತ್ರ ಅನುಕರಿಸಿದ ಲೇಖನಗಳು ಅವರ ತರುವಾಯ ಅನೇಕ ಬಂದವು, ಹೋದವು.

ಹೀಗೆ ಬರೆಯುವುದು ಹುಟ್ಟುಗುಣ, ಕಲಿಸಿ ಬರುವಂಥದಲ್ಲ ಎಂದು ಹೇಳುವವರುಂಟು. ಅವರಿಗೆ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯ ಉದಾಹರಣೆಯನ್ನು ಕೊಡಬೇಕಾಗುತ್ತದೆ. ಮೇಣದಬತ್ತಿಯೊಂದನ್ನು ಮುಂದಿಟ್ಟುಕೊಂಡು ಆತ ಮಕ್ಕಳಿಗೆ ಮಾಡಿದ ಉಪನ್ಯಾಸಗಳು ಜಗತ್ಪ್ರಸಿದ್ಧ. ಉರಿಯ ನಡುವಿನ ಕಪ್ಪು ಭಾಗಕ್ಕೆ ಗಾಜಿನ ಕೊಳವೆಯನ್ನು ತೂರಿಸಿ, ಅದರ ಇನ್ನೊಂದು ತುದಿಯಲ್ಲಿ ಹೊರಬರುವ ಆವಿಗೆ ಬೆಂಕಿ ಹಚ್ಚಿ ತೋರಿಸಿದರೆ, ಉರಿಯುವುದು ಮೇಣದ ಆವಿಯೆಂದು ಬಾಯಲ್ಲಿ ಹೇಳಬೇಕಾದ್ದೇನು ಉಳಿಯಿತು? ಈ ಉಪನ್ಯಾಸಗಳು 1860ರ ಡಿಸೆಂಬರಿನಿಂದ ಮರುವರ್ಷದ ಜನವರಿಯವರೆಗೆ ನಡೆದವು. ಆಗ ಫ್ಯಾರಡೆಗೆ ಅರವತ್ತೊಂಬತ್ತು ವರ್ಷ. ಆದರೆ ಇದರ ಸಿದ್ಧತೆ ಶುರುವಾದದ್ದು ಸುಮಾರು ಅರ್ಧ ಶತಮಾನದ ಹಿಂದೆ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿ ಬರೆದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದ. ಮರುವರ್ಷ ಕೆಲಸಕ್ಕೆ ಸೇರಿದ ಕೆಲವೇ ತಿಂಗಳಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಗೆಳೆಯ ಅಬಟ್‌ನಿಗೆ ಉಪನ್ಯಾಸಕಲೆಯ ಮೇಲೆಯೇ ಕಾಗದಗಳನ್ನು ಬರೆದ: ಸಭಾಂಗಣ ಹೇಗಿರಬೇಕು, ಕೇಳುವವರು ಎಂಥವರು, ಹೇಳುವವನು ಹೇಗೆ ನಿಲ್ಲಬೇಕು ಎಂದೆಲ್ಲ. ಆಮೇಲೆ ದುಡ್ಡು ಕೊಟ್ಟು ಮಾತಿನ ಪಾಠ ಹೇಳಿಸಿಕೊಂಡ. ತನ್ನ ಉಪನ್ಯಾಸದಲ್ಲಿ ಗೆಳೆಯನನ್ನು ಕೂರಿಸಿ ತಪ್ಪುಗಳನ್ನು ಬರೆದುಕೊಳ್ಳಲು ಹೇಳಿದ. ಮಾತಿನ ಓಟ ಹೆಚ್ಚೀತೆಂದು 'ನಿಧಾನ' ಎಂದು ಬರೆದ ಚೀಟಿಯೊಂದು ಕಣ್ಣೆದುರಿಗೆ ಇರುತ್ತಿತ್ತಂತೆ. ಮಕ್ಕಳ ಕ್ರಿಸ್‌ಮಸ್ ಉಪನ್ಯಾಸಮಾಲೆಯನ್ನು ಆತ ಒಟ್ಟು ಹತ್ತೊಂಬತ್ತು ಸಲ ನಡೆಸಿದ. ಹುಟ್ಟುಗುಣ ಎನ್ನುವವರು ಈ ಚೀಟಿಯನ್ನು ನೆನೆಯಬೇಕು.

ಆ ದೇಶದಲ್ಲಿಯೂ ಇದು ವಿಶ್ವವಿದ್ಯಾನಿಲಯದ ಪಾಠವಾಗಲು ಕಾಲ ಹಿಡಿಯಿತು. ಜನರಿಗೆ ತಿಳಿಯುವಂತೆ ಹೇಳುವುದನ್ನು ವಿಜ್ಞಾನಿಗಳು ಕಲಿಯಬೇಕು, ಅದನ್ನು ಕರ್ತವ್ಯವೆಂದು ಎಣಿಸಬೇಕು ಎಂದು ಲಂಡನ್ನಿನ ರಾಯಲ್ ಸೊಸೈಟಿಯ ವರದಿಯೊಂದು ಕಂಠೋಕ್ತವಾಗಿ ಹೇಳಿದ್ದು 1985ರಲ್ಲಿ. ಆಮೇಲೆ ಸ್ಪರ್ಧೆಗಳ ಕಾಲ ಬಂತು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯ 2008ರಲ್ಲಿ, ಸಂಶೋಧನ ವಿದ್ಯಾರ್ಥಿ ತನ್ನ ಇಡೀ ಪ್ರಬಂಧವನ್ನು ಮೂರು ನಿಮಿಷದಲ್ಲಿ ಹೇಳುವ ಪಂದ್ಯವನ್ನು ಆರಂಭಿಸಿತು. ಅದು ಲೋಕದ ತುಂಬ ಹಬ್ಬಿತು. ನಮ್ಮ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ, ಸಂಶೋಧನ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ಜನರಿಗೆ ತಿಳಿಯುವ ಲೇಖನವಾಗಿ ಬರೆದರೆ ಬಹುಮಾನ ಕೊಡುವ 'ಅವಸರ್' ಎಂಬ ಯೋಜನೆಯನ್ನು ಹೂಡಿತು. ಹೆಸರನ್ನು ಕಂಡು ಕನ್ನಡಿಗರಿಗೆ ನಗು ಬರಬಹುದು. ಎಲ್ಲವೂ ಒಳ್ಳೆಯ ಪ್ರಯತ್ನಗಳೇ. ಆದರೆ ಪಂದ್ಯಕ್ಕೆಂದು ಬರೆದದ್ದಕ್ಕೆ ಪಂದ್ಯದ ಗುಣವೇ ಬರುತ್ತದೆ: ಫಲಿತಾಂಶದ ಥಳಕು ಮುಂದೆ ಬಂದು, ಅದನ್ನು ತಲುಪಿದ ದಾರಿ ಹಿಂದೆ ಸರಿಯುತ್ತದೆ. ಮೂರು ನಿಮಿಷದಲ್ಲಿ 'ನಮಗೆ ಗೊತ್ತಾದದ್ದು ಇಷ್ಟು' ಎನ್ನಬಹುದು. 'ಇಷ್ಟೇ ಗೊತ್ತು, ಇದಕ್ಕಿಂತ ಹೆಚ್ಚಿಲ್ಲ' ಎನ್ನಲು ವ್ಯವಧಾನ ಬೇಕು.

ಆ ವ್ಯವಧಾನದ ಬೆಲೆ ಏನೆಂದು ಕೊರೋನಾದ ಕಾಲದಲ್ಲಿ ಕಂಡೆವು. ಕೋವಿಷೀಲ್ಡ್ ಲಸಿಕೆಯ ಪರೀಕ್ಷೆಗಳಿಂದ 2020ರ ಕೊನೆಗೆ ಬಂದ ಅಂಕಿ ಸುಮಾರು ಶೇಕಡ 70. ಇದರ ಅರ್ಥವೇನೆಂದು ನಮ್ಮ ಎಷ್ಟು ಮನೆಗಳಲ್ಲಿ ಸರಿಯಾಗಿ ತಿಳಿದುಕೊಂಡರು? 'ಹಾಕಿಸಿಕೊಂಡ ನೂರರಲ್ಲಿ ಮೂವತ್ತು ಜನಕ್ಕೆ ಕಾಯಿಲೆ ಬಂದೇ ಬರುತ್ತದಂತೆ' ಎಂದು ಹೆದರಿದವರನ್ನು ನಾನೇ ಕಂಡಿದ್ದೇನೆ. ಸರಿಯಾದ ಅರ್ಥ ಬೇರೆ. ಸಮಸಂಖ್ಯೆಯ ಎರಡು ಗುಂಪುಗಳಲ್ಲಿ, ಲಸಿಕೆಯಿಲ್ಲದ ಗುಂಪಿನಲ್ಲಿ ನೂರು ಜನ ಕಾಯಿಲೆ ಬಿದ್ದಷ್ಟು ಹೊತ್ತಿಗೆ ಲಸಿಕೆಯ ಗುಂಪಿನಲ್ಲಿ ಸುಮಾರು ಮೂವತ್ತು ಜನ ಮಾತ್ರ ಬಿದ್ದರು ಎಂದು. ಗುಂಪಿನಲ್ಲಿ ಇದ್ದವರು ಸಾವಿರಾರು ಮಂದಿ. ಆ ಮನೆಗಳಲ್ಲಿ ಎಷ್ಟೋ ಕಡೆ ಜೀವವಿಜ್ಞಾನವನ್ನೋ ಸಂಖ್ಯಾಶಾಸ್ತ್ರವನ್ನೋ ಓದುವ ಮಗನೋ ಮೊಮ್ಮಗಳೋ ಇದ್ದರು. ಅಜ್ಜಿ ಕೇಳಿದ್ದೂ ಉಂಟು. ಉತ್ತರ ಪರೀಕ್ಷೆಗಾಗಿ ಇಂಗ್ಲಿಷಿನಲ್ಲಿ ಬಾಯಿಪಾಠವಾಗಿತ್ತು; ಅಜ್ಜಿಯ ಕಡೆಗೆ ಬರುವ ದಾರಿ ಅದಕ್ಕೆ ಗೊತ್ತಿರಲಿಲ್ಲ. ವಾಟ್ಸಾಪಿನ ಮಾತುಗಳಿಗೆ ದಾರಿ ಚೆನ್ನಾಗಿ ಗೊತ್ತಿತ್ತು.

ಇಷ್ಟು ಹೇಳಿದ ಮೇಲೆ ನಮ್ಮ ಕನ್ನಡದ ಮೇಷ್ಟರುಗಳ ಕುಲವನ್ನು ಬಿಟ್ಟರೆ ಪಕ್ಷಪಾತವಾದೀತು. ವಿಜ್ಞಾನದ ವಿದ್ಯಾರ್ಥಿಯ ಬರಹ ನಮ್ಮ ಕೈಗೆ ಬಂದರೆ ನಾವು ಮೊದಲು ಮಾಡುವ ಕೆಲಸ ಅದಕ್ಕೆ ಒಡವೆ ತೊಡಿಸುವುದು. ಪರಮಾಣು 'ಸೌರಮಂಡಲದ ಪುಟ್ಟ ಪ್ರತಿಬಿಂಬ'ವಾಗುತ್ತದೆ; ರಕ್ತದ ಬಿಳಿಯ ಕಣಗಳು 'ವೀರಯೋಧ'ರಾಗುತ್ತವೆ; ವಂಶವಾಹಿನಿ 'ಬ್ರಹ್ಮಲಿಪಿ'ಯಾಗುತ್ತದೆ. ಉಪಮೆ ಒಂದು ಕಡೆ ಬೆಳಕು ಚೆಲ್ಲಿದರೆ ಮೂರು ಕಡೆ ನೆರಳು ಬೀಳಿಸುತ್ತದೆಂದು ಅಲಂಕಾರಶಾಸ್ತ್ರ ಓದಿದ ನಮಗೇ ತಿಳಿದಿರಬೇಕಾಗಿತ್ತು. ಗ್ರಹಗಳು ಸೂರ್ಯನನ್ನು ಸುತ್ತುವಂತೆ ಎಲೆಕ್ಟ್ರಾನುಗಳು ಗೊತ್ತಾದ ದಾರಿಯಲ್ಲಿ ಸುತ್ತುವುದಿಲ್ಲವೆಂದು ವಿಜ್ಞಾನಿಗಳು ಹೇಳಿ ನೂರು ವರ್ಷವಾಗುತ್ತ ಬಂತು. ನಮ್ಮ ಲೇಖನಗಳಲ್ಲಿ ಅವು ಇನ್ನೂ ಸುತ್ತುತ್ತಿವೆ. 'ಬ್ರಹ್ಮಲಿಪಿ' ಎಂದ ಕೂಡಲೇ ಓದುಗ, ಅದನ್ನು ಅಳಿಸಲು ಬಾರದೆಂದುಕೊಳ್ಳುತ್ತಾನೆ. ಆಹಾರ, ಪರಿಸರ, ಅಭ್ಯಾಸಗಳಿಗೆ ಅಲ್ಲಿ ಜಾಗವೇ ಇಲ್ಲದಂತಾಗುತ್ತದೆ. ಲಕ್ಷ್ಮಣರಾಯರ ಗದ್ಯದಲ್ಲಿ ನನಗೆ ಹಿಡಿಸುವ ಗುಣ ಇದಕ್ಕೆ ವಿರುದ್ಧವಾದದ್ದು. ಅವರು ಹೋಲಿಕೆಯನ್ನು ಊರುಗೋಲಿನಂತೆ ಬಳಸುತ್ತಾರೆ. ಏರು ಮುಗಿದೊಡನೆ ಬದಿಗಿಡುತ್ತಾರೆ. ಆ ಸಂಯಮವನ್ನು ಕಲಿಸುವುದಾದರೆ ನಾವೇ ಮೊದಲು ಕಲಿಯಬೇಕು.

ಹಾಗಾದರೆ ತರಬೇತಿಯೆಂದರೆ ಏನು? ಹೊಸ ವಿಭಾಗ, ಹೊಸ ಡಿಪ್ಲೊಮ, ಎರಡು ದಿನದ ಕಮ್ಮಟ, ಕೊನೆಗೆ ಪ್ರಮಾಣಪತ್ರ ಎಂಬ ಸಾಲನ್ನು ಕಂಡರೆ ನನಗೆ ಭಯ. ಆಗಬೇಕಾದ ಕೆಲಸ ಚಿಕ್ಕದು. ಬಿ.ಎಸ್‌ಸಿ. ವಿದ್ಯಾರ್ಥಿ ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕವನ್ನು ಹೇಗೂ ಬರೆಯುತ್ತಾನೆ. ಅದರಲ್ಲಿ ಪ್ರತಿ ಐದು ಪ್ರಯೋಗಕ್ಕೆ ಒಂದರಂತೆ ಒಂದು ಪುಟ ಕನ್ನಡದಲ್ಲಿರಲಿ. ಅದನ್ನು ವಿಜ್ಞಾನದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಇಬ್ಬರೂ ಓದಿ ಸಹಿ ಹಾಕಲಿ: ಒಬ್ಬರು ಸುಳ್ಳು ನುಸುಳದಂತೆ, ಇನ್ನೊಬ್ಬರು 'ಲಾಯಿತು' ನುಸುಳದಂತೆ. ಆಮೇಲೆ ವಿದ್ಯಾರ್ಥಿ ಅದನ್ನು ವಿಜ್ಞಾನ ಓದದ ಒಬ್ಬರಿಗೆ ಓದಿಹೇಳಿ, ಅವರು ಕೇಳಿದ ಮೊದಲ ಪ್ರಶ್ನೆಯನ್ನು ಪುಟದ ಕೆಳಗೆ ಬರೆದು ತರಲಿ. ಈ ಪ್ರಶ್ನೆಗೇ ನಾನು ಹೆಚ್ಚು ಬೆಲೆ ಕೊಡುವವನು. ಬರಹ ಎಲ್ಲಿ ಎಡವಿತೆಂದು ಯಾವ ಮೌಲ್ಯಮಾಪಕನೂ ಇಷ್ಟು ಸರಿಯಾಗಿ ತೋರಿಸಲಾರ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಕೇಳಿದ್ದೇನೆ. ಪಾಠದ ಹೊರೆಯೇ ಹೆಚ್ಚು ಎನ್ನುತ್ತಾರೆ, ನಿಜ. ಹುಡುಗರು ಮುಂದೆ ಇಂಗ್ಲಿಷಿನಲ್ಲಿಯೇ ಬರೆಯಬೇಕಾದವರು ಎನ್ನುತ್ತಾರೆ, ಅದೂ ನಿಜ. ಆದರೆ ಕನ್ನಡದಲ್ಲಿ ತೆಳ್ಳಗೆ, ನೇರವಾಗಿ ಹೇಳಲು ಹೊರಟವನಿಗೆ ತನಗೆ ತಿಳಿದಿಲ್ಲದ್ದು ಎಲ್ಲಿದೆಯೆಂದು ಕೂಡಲೇ ಗೊತ್ತಾಗುತ್ತದೆ. ಪುಸ್ತಕದ ಇಂಗ್ಲಿಷ್ ವಾಕ್ಯವನ್ನು ಎತ್ತಿ ಬರೆಯುವಾಗ ಅದು ಗೊತ್ತಾಗುವುದಿಲ್ಲ. ನನ್ನ ಸಹೋದ್ಯೋಗಿಗಳಾದ ರಸಾಯನವಿಜ್ಞಾನದ ಮೇಷ್ಟರೊಬ್ಬರು ಮೊದಲು ಈ ಪುಟಗಳನ್ನು ನೋಡಿ ನಕ್ಕರು; ಈಗ ಯಾವ ವಿದ್ಯಾರ್ಥಿಗೆ ಪಾಠ ತಲೆಗೆ ಹತ್ತಿಲ್ಲವೆಂದು ತಿಳಿಯಲು ಇವನ್ನೇ ಕೇಳಿ ತೆಗೆದುಕೊಂಡು ಹೋಗುತ್ತಾರೆ.

ಕಳೆದ ವರ್ಷ ಬಂದ ಪುಟಗಳಲ್ಲಿ ಒಂದನ್ನು ನಾನು ಇಟ್ಟುಕೊಂಡಿದ್ದೇನೆ. ಬರೆದವಳು ಎರಡನೆಯ ವರ್ಷದ ಹುಡುಗಿ. ಬ್ಯೂರೆಟ್ಟಿನಿಂದ ಕ್ಷಾರವನ್ನು ಆಮ್ಲಕ್ಕೆ ತೊಟ್ಟುತೊಟ್ಟಾಗಿ ಬಿಡುವ ಸಾಮಾನ್ಯ ಪ್ರಯೋಗ. ನಮ್ಮ ರೆಕಾರ್ಡ್ ಪುಸ್ತಕಗಳಲ್ಲಿ ಈ ಪ್ರಯೋಗದ ಮೂರು ಅಳತೆಗಳು ಯಾವಾಗಲೂ ತ್ರಿವಳಿ ಮಕ್ಕಳಂತೆ ಒಂದೇ ರೂಪದಲ್ಲಿರುತ್ತವೆ. ಈಕೆಯ ಪುಟದಲ್ಲಿ ಹಾಗಿರಲಿಲ್ಲ. ಮೊದಲ ಸಲ ಅವಸರದಲ್ಲಿ ಹೆಚ್ಚು ಬಿಟ್ಟುದರಿಂದ ಬಣ್ಣ ಕಡುಗೆಂಪಿಗೆ ತಿರುಗಿತೆಂದು, ಎರಡನೆಯ ಸಲ ಕೊನೆಯ ಒಂದು ತೊಟ್ಟು ಕೊಳವೆಯ ತುದಿಯಲ್ಲಿ ತೂಗಾಡುತ್ತಿದ್ದಾಗ ಉಸಿರು ಬಿಗಿಹಿಡಿದು ಕಾದೆನೆಂದು, ಅದು ಬಿದ್ದೊಡನೆ ನೀರಿನಂತಿದ್ದುದು ತೆಳುಗುಲಾಬಿಯಾಗಿ ಹಾಗೆಯೇ ಉಳಿಯಿತೆಂದು, ಮೂರನೆಯ ಸಲವೂ ಅಷ್ಟೇ ಹಿಡಿಯಿತಾದ್ದರಿಂದ ನಂಬಿದೆನೆಂದು ಬರೆದಿದ್ದಳು. ಓದಿಹೇಳಿದ್ದು ಹೊಲಿಗೆ ಕೆಲಸ ಮಾಡುವ ಅವಳ ತಾಯಿಗೆ. ಪುಟದ ಕೆಳಗೆ ತಾಯಿಯ ಪ್ರಶ್ನೆ ಹೀಗಿತ್ತು: "ಮೊದಲನೆಯ ಸಲದ್ದನ್ನು ಯಾಕೆ ಲೆಕ್ಕಕ್ಕೆ ಸೇರಿಸಲಿಲ್ಲ?"

ರಸಾಯನವಿಜ್ಞಾನದ ಮೇಷ್ಟರು ಆ ಪ್ರಶ್ನೆಯನ್ನು ಮಾರನೆಯ ದಿನ ತರಗತಿಯ ಹಲಗೆಯ ಮೇಲೆ ಬರೆದರು. ಒಂದು ಗಂಟೆ ಅದರ ಚರ್ಚೆಯೇ ನಡೆಯಿತೆಂದು ಆಮೇಲೆ ನನಗೆ ಹೇಳಿದರು.